ಎಲ್ಲಿಗೂ ಹೋಗದ ರೈಲು

ಕಾಶವ್ವ ಗಂಡನ ಬೆನ್ನಿಗೆ ಎರಡೂ ಕೈ ಕೊಟ್ಟು ಡಬ್ಬಿಯೊಳಗೆ ದೂಡಿದಳು. ಹಳೆಯ ಉಗಿಬಂಡಿ ಕೂಗು ಹಾಕಿ, ರೈಲು ಸಂಗ್ರಹಾಲಯದ ಅಂಗಳ ಸುತ್ತಲು ಹೊರಟಿತು. ಇನ್ನು ಒಂದು ತಾಸು ಇಳಿಯುವಂತಿಲ್ಲ.

"ಎಲ್ಲಿಗೆ ಹೊಂಟೈತಿ ಇದು?" ಎಂದ ಗುರುಸಿದ್ದಪ್ಪ.

"ಎಲ್ಲಿಗೂ ಇಲ್ಲ. ಕುಂದರ್ರಿ."

ಮನೆಯ ಬಾಗಿಲು ತೆರೆದರೆ ಬೇಕಾದ ಊರಿನಲ್ಲೇ ಕಾಲಿಡುವ ಕಾಲದಲ್ಲಿ ಗಂಡನನ್ನು ಹಿಡಿದು ಕೂಡಿಸುವುದು ಸುಲಭವಲ್ಲ. ಮಗಳು ರೇಣುಕಾ ಮೆಚ್ಚಿದ ಹುಡುಗನ ಮಾತು ತೆಗೆದಾಗಲೆಲ್ಲ ಗುರುಸಿದ್ದಪ್ಪ ಅಡುಗೆಮನೆಯ ಬಾಗಿಲಿನಿಂದ ಕಾರವಾರಕ್ಕೆ ನಡೆದು, ಊಟದ ಹೊತ್ತಿಗೆ ಕಾಲಿಗೆ ಮರಳು ಮೆತ್ತಿಕೊಂಡು ಮರಳುತ್ತಿದ್ದ. ಈ ಡಬ್ಬಿಯ ಬಾಗಿಲಿಗೆ ಅಂಥ ವಿದ್ಯೆ ಗೊತ್ತಿರಲಿಲ್ಲ. ಅದರಾಚೆ ಬರೀ ಅಂಗಳ, ಕಲ್ಲಿದ್ದಲ ಹೊಗೆ.

ಕಾಶವ್ವ ಶೇಂಗಾ ಸುಲಿಯುತ್ತ ಎಲ್ಲವನ್ನೂ ಹೇಳಿದಳು. ಅವನು ಸಿಟ್ಟಾದ, ಬಾಗಿಲವರೆಗೂ ಹೋಗಿ ಬಂದ, ಕೊನೆಗೆ ಶೇಂಗಾಕ್ಕೆ ಕೈ ಚಾಚಿದ.

"ನನಗ ಮೊದಲ ಯಾಕ ಹೇಳಲಿಲ್ಲ?"

"ಯಾರಿಗೆ ಹೇಳ್ಲಿ, ಸಮುದ್ರಕ್ಕ?"

ನಗು ಬಂದರೂ ಅವನು ತಡೆದುಕೊಂಡ. "ಹುಡುಗ ನಮ್ಮ ರೇಣಿನ್ನ ಚಲೋ ನೋಡ್ಕೊತಾನೇನು?"

ಕಾಶವ್ವ ಉತ್ತರಿಸುವಷ್ಟರಲ್ಲಿ ಗಾರ್ಡ್ ದಾವಲಸಾಬ ಕಂಕುಳಲ್ಲಿ ಮಡಚುವ ಬಾಗಿಲು ಹಿಡಿದು ಬಂದ. ಕೂತು ಬೇಸತ್ತವರನ್ನು ನಡುದಾರಿಯಲ್ಲೇ ಅದರ ಮೂಲಕ ಬೇಕಾದ ಊರಿಗೆ ಕಳಿಸಿಕೊಡುವುದು ಅಲ್ಲಿನ ಪದ್ಧತಿ. ಇದನ್ನರಿಯದ ಕಾಶವ್ವ ಶೇಂಗಾ ಸುಲಿಯುವುದನ್ನು ನಿಲ್ಲಿಸಿದಳು.

"ಸಾಕಾಗಿರಬೇಕು, ಯಜಮಾನ್ರ," ಎನ್ನುತ್ತ ಅವನು ಬಾಗಿಲು ಬಿಡಿಸಿ ನಿಲ್ಲಿಸಿದ. "ಯಾವೂರಿಗೆ ತೆಗೀಲಿ?"

ಗುರುಸಿದ್ದಪ್ಪ ಹೆಂಡತಿಯ ಮುಖದಿಂದ ಕಣ್ಣು ಕೀಳಲಿಲ್ಲ.

"ಒಲ್ಲೆ," ಎಂದ.