ಬೇವೂರಿನ ಬಡ ವಿಧವೆ

ಬೇವೂರಿಗೆ ಬಂದ ಚರ್ಚಿನ ಹುಡುಗರನ್ನು ಕಂಡದ್ದೇ ತಡ, ಸಾವಂತ್ರವ್ವ ಒಳಗೆ ಹೋಗಿ ಕದ ಹಾಕಿ ಅಗುಳಿ ಜಡಿದಳು.

"ಭಾಳ ನಾಚಿಕಿ ಆಕೀಗೆ," ಎಂದ ದೇವಪುತ್ರ, ಸುಣ್ಣದ ಬಕೆಟ್ಟನ್ನು ಎಸ್ತೇರಳ ಕೈಗೆ ದಾಟಿಸುತ್ತ. "ಹೋದ ವರ್ಷ ಈ ಮನ್ಯಾಗೇ ಸೇವಾ ಮಾಡಿದ್ದೆ. ದೇವರ ಜಗಲಿ ಮ್ಯಾಲ ಒಂದು ಹಳೇ ಕಂಬಳಿ ಇತ್ತು, ತುಂಬ ಅರಿಷಿಣದ ಕಲೆ. ಸೋಡಾ ಹಾಕಿ ಒಂದೂ ಉಳೀದಂಗ ತಿಕ್ಕಿದೆ. ನೋಡಿ ಅತ್ತಬಿಟ್ಳು, ಪಾಪ."

ಬಾಗಲಕೋಟೆ ಚರ್ಚಿನ ತರುಣರ ಸಂಘಕ್ಕೆ ದೇವಪುತ್ರನೇ ಮುಂದಾಳು. ಹದಿನೇಳರ ಹುಡುಗ. ಕರುಣೆಗೇನೂ ಕೊರತೆಯಿರಲಿಲ್ಲ, ಅದು ಯಾವಾಗ ಯಾರ ಮೇಲೆ ಬಂದು ಬೀಳುವುದೋ ಎಂದು ಊರವರೇ ಎಚ್ಚರವಾಗಿರಬೇಕಿತ್ತು. ೧೯೭೮ರ ಆ ವರ್ಷ ಹೊಸದಾಗಿ ಬಂದ ಪಾದ್ರಿಗಳು ಒಂದು ಮಾತು ಹೇಳಿದ್ದರು: ಸೇವೆಯನ್ನು ನೋಡಿ ಒಬ್ಬರನ್ನು ಮಾತ್ರ ಡಿಸೆಂಬರ್ ಪೂರ್ತಿ ಧಾರವಾಡದ ಶಿಬಿರಕ್ಕೆ ಕಳಿಸುತ್ತೇನೆ. ದೇವಪುತ್ರ ಆಗಲೇ ಬೆಲ್‌ಬಾಟಂ ಹೊಲಿಸಿಕೊಂಡಿದ್ದ.

ಎಸ್ತೇರಳಿಗೂ ಹೋಗುವ ಆಸೆ. ಹದಿನಾರು ತುಂಬಿದ್ದರೂ ಆಕೆ ರೈಲು ಹತ್ತಿರಲಿಲ್ಲ. ಆದರೆ ಸಂಘದಲ್ಲಿ ಆಕೆಯ ಪಾಲಿಗೆ ಬಂದದ್ದು ಬಕೆಟ್ ಹಿಡಿಯುವ ಸೇವೆ. ಬಕೆಟ್ ಹಿಡಿದವರನ್ನು ಶಿಬಿರಕ್ಕೆ ಯಾರು ಕಳಿಸುತ್ತಾರೆ?

ಸಾವಂತ್ರವ್ವನ ಹಿತ್ತಲಲ್ಲಿ ಒಂದು ಗುಡಿಸಲು. ಅದರಲ್ಲೊಬ್ಬ ಮುದುಕಿ. ಪಾದ್ರಿಗಳೇ ಹುಡುಕಿ ತೋರಿಸಿದ ಬಡವಿ. ಆಕೆಯ ಒಲೆಯಲ್ಲಿ ಬೂದಿಯೇ ಇರಲಿಲ್ಲ. ಬೇಯಿಸಲೂ ಗತಿಯಿಲ್ಲವೆಂದು ದೇವಪುತ್ರ ಕಣ್ಣೊರೆಸಿಕೊಂಡಿದ್ದ. ಮೂರನೆಯ ಶನಿವಾರ ಅವನ ಪ್ರಾರ್ಥನೆ ಮುಗಿಯುವ ಮೊದಲೇ ಮುದುಕಿ "ಆಮೆನ್" ಅಂದುಬಿಟ್ಟಳು. ತನ್ನ ಬೋಧನೆಯ ಶಕ್ತಿ ಕಂಡು ಅವನಿಗೇ ಮೈ ಜುಮ್ಮೆಂದಿತು. ಆಕೆಯ ಹೆಸರನ್ನು ಮಾತ್ರ ಯಾರೂ ಕೇಳಿರಲಿಲ್ಲ. ಸಂಘದ ವರದಿಯಲ್ಲಿ "ಬಡ ವಿಧವೆ" ಎಂದರೆ ಸಾಕಾಗುತ್ತಿತ್ತು.

"ಯಪ್ಪಾ, ಹೋದ ವಾರನ ಸುಣ್ಣಾ ಹಚ್ಚೀರೆಲ್ಲೋ," ಎಂದಳು ಮುದುಕಿ.

"ನೀವು ಸುಮ್ನ ಕುಂದರ್ರಿ ಅಜ್ಜಿ, ನಿಮಗ ತಿಳ್ಯಾಂಗಿಲ್ಲ."

ಅವಳನ್ನು ಮಂಚದ ಸಮೇತ ಬಿಸಿಲಿಗೆ ಎತ್ತಿಟ್ಟು ಸೇವೆ ಶುರುವಾಯಿತು. ಸುಣ್ಣ ಗಟ್ಟಿಯಾಗಿದೆಯೆಂದು ದೇವಪುತ್ರ ಎಸ್ತೇರಳನ್ನು ನೀರಿಗೆ ಓಡಿಸಿದ.

ಸಾವಂತ್ರವ್ವನ ಕದ ಒಂದಿಷ್ಟೇ ತೆರೆಯಿತು. "ಮತ್ತೇನ್ ತೊಳ್ಯಾಕ ಬಂದೀರಿ?"

"ಏನೂ ಇಲ್ರಿ," ಎಂದಳು ಎಸ್ತೇರ. ನೀರು ಕೇಳಬೇಕಾದವಳು ಬೇರೆಯೇ ಕೇಳಿದಳು. "ಕಂಬಳಿ ತೊಳದಾಗ ನೀವ್ಯಾಕ ಅತ್ರಿ?"

ಸಾವಂತ್ರವ್ವ ಕದವನ್ನು ಪೂರ್ತಿ ತೆರೆದಳು. "ಅದು ಕಲೆ ಅಲ್ಲವ್ವ, ಬೀರಪ್ಪ ದೇವರ ಭಂಡಾರ, ಪೂಜಿ ಅರಿಷಿಣ. ನಮ್ಮ ಮಾವನ ಅಪ್ಪನ ಕಾಲದಿಂದ ಹಚ್ಚಿಕೊಂತ ಬಂದದ್ದು. ಒಂದ ದಿನದಾಗ ಗಟಾರದ ಪಾಲಾತು."

ಎಸ್ತೇರಳಿಗೆ ಬೈಬಲ್ಲಿನ ಒಂದು ವಚನವೂ ನೆನಪಾಗಲಿಲ್ಲ. ನಾಚಿಕೆಯಿಂದ ಕುಗ್ಗಿಹೋದಳು. "ತಪ್ಪಾತ್ರಿ ಯವ್ವಾ," ಎಂದು ಕಟ್ಟೆಯ ಮೇಲೆ ಕುಸಿದು ಅತ್ತೇಬಿಟ್ಟಳು. ಸಾವಂತ್ರವ್ವನೂ ಅತ್ತಳು. ಆಮೇಲೆ ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟಳು. ಇಬ್ಬರೂ ಅಲ್ಲೇ ಕುಳಿತು ಮಾತಾಡಿದರು. ನೀರಿನ ನೆನಪು ಯಾರಿಗೂ ಆಗಲಿಲ್ಲ.

"ನಾವು ಬೆವರು ಸುರಿಸಾಕತ್ತಿದ್ವಿ, ಈಕಿ ಮಜ್ಜಿಗಿ ಕುಡಕೊಂತ ಕುಂತಿದ್ಳ್ರಿ," ಎಂದು ದೇವಪುತ್ರ ಪಾದ್ರಿಗಳ ಕಿವಿಗೆ ಹಾಕಿದ. ಚಾಡಿಯಲ್ಲ, ಸಾಕ್ಷಿ.

ರವಿವಾರ ಆರಾಧನೆ ಮುಗಿದ ಮೇಲೆ ಪಾದ್ರಿಗಳು ಹೆಸರು ಓದಿದರು. ದೇವಪುತ್ರ! ಚಪ್ಪಾಳೆ ಬಿತ್ತು. ಅವನು ತಲೆ ಬಾಗಿಸಿ, ಎಲ್ಲರಿಗೂ ಕಾಣುವಷ್ಟು ವಿನಯ ತೋರಿಸಿದ. ಎಸ್ತೇರ ಹಿಂದಿನ ಬಾಗಿಲಿನಿಂದ ಹೊರಬಿದ್ದು, ಗೋಡೆಗೆ ಮುಖ ಮಾಡಿ ನಿಂತಳು. ತನಗೆ ಸೇವೆ ಮಾಡುವ ಯೋಗ್ಯತೆಯೇ ಇಲ್ಲವೆಂದು ಆಕೆಗೆ ಖಾತ್ರಿಯಾಗಿತ್ತು.

ಅಂದು ಸಂಜೆ ಪಾದ್ರಿಗಳು ಒಬ್ಬರೇ ಬೇವೂರಿಗೆ ಬಂದು, ಗುಡಿಸಲ ಹೊರಗೆ ಚಪ್ಪಲಿ ಬಿಟ್ಟು, ಒಳಗಿನ ಟ್ರಂಕನ್ನು ಹೆಗಲಿಗೇರಿಸಿದರು.

"ನಡೀರಿ ಅತ್ತೀ, ನಿಮ್ಮ ಬಡತನ ಇವತ್ತಿಗೆ ಮುಗೀತು. ಗದಗಿನ್ಯಾಗ ನಿಮ್ಮ ಮಗಳು ದಾರಿ ನೋಡಾಕತ್ತಾಳ. ನೀವು ಈ ಬಡವಿ ವೇಷಕ್ಕ ಒಪ್ಪದಿದ್ರ ನಮ್ಮ ಹುಡುಗರು ಯಾರ ಸೇವಾ ಮಾಡಬೇಕಿತ್ತ್ರಿ? ಹೋದ ವರ್ಷದ ಮ್ಯಾಲ ಈ ಊರಾಗ ಖರೇ ಬಡವರು ಒಬ್ಬರೂ ಕದಾ ತೆಗೀವಲ್ಲರು."

"ಅದಿರಲಿ. ಆ ಬಕೆಟ್ ಹುಡುಗೀನ್ಯಾಕ ಬಿಟ್ರಿ?"

"ಸಾವಂತ್ರವ್ವ ಬಿಡವಲ್ಲಳ್ರಿ. ಬರೋ ತಿಂಗಳು ಮೊಮ್ಮಗನ್ನ ತೊಟ್ಟಿಲಕ್ಕ ಹಾಕೋವಾಗ ಆ ಹುಡುಗಿ ಮನಿಮಗಳಂಗ ಮುಂದ ನಿಂದರಬೇಕಂತ. ಅದನ್ನ ಹುಡುಗೀಗೆ ಹೇಳಾಕ ತಾನ ಬಾಗಲಕೋಟಿ ಬಸ್ ಹತ್ತ್ಯಾಳ."

"ಮತ್ತ ಆ ದೇವಪುತ್ರನ್ನ ಯಾಕ ಆರಿಸಿದ್ರಿ?"

"ನಾ ಎಲ್ಲಿ ಆರಿಸಿದೆ ಅತ್ತೀ? ಹಬ್ಬದ ತಿಂಗಳಾದ್ರೂ ಅವನ್ನ ಎಲ್ಲಿಗರೆ ಕಳಸ್ರಿ ಅಂತ ಬೇವೂರಿನ ಬಡವರೆಲ್ಲಾ ಕೂಡಿ ಬಂದು ಕೈ ಮುಗದ್ರು."