ಗಂಟಲು ಬಿಡದ ಮಾತು

ಆಸ್ಪತ್ರೆಯ ಕೋಣೆಯಲ್ಲಿ ಶೈಲಜಾ ಕಣ್ಣು ಮುಚ್ಚಿ ಮಲಗಿದ್ದಳು. ಬೆಳಗ್ಗೆ ಹೆತ್ತ ಕೂಸು ಉಸಿರಾಡಿರಲೇ ಇಲ್ಲ. ಸುದ್ದಿ ಕೇಳಿ ಓಡಿ ಬಂದ ತಾಯಿ ನೀಲವ್ವ ಮಗಳ ತಲೆ ನೇವರಿಸುತ್ತ, "ಅಳಬ್ಯಾಡ್ರಿ ಮೇಡಂ," ಎಂದಳು.

ಅವಳು ಹೇಳಹೊರಟದ್ದು ಅದಲ್ಲ. ಆದರೆ ಎಲ್ಲರಂತೆ ಅವಳ ಗಂಟಲಲ್ಲೂ ಬಿಲ್ಲೆಯೊಂದಿತ್ತು. ಅವರವರ ದರ್ಜೆಗೆ ತಕ್ಕ ಮಾತನ್ನಷ್ಟೇ ಅದು ಹೊರಗೆ ಬಿಡುತ್ತಿತ್ತು. ಮಗಳು ಜಿಲ್ಲಾಧಿಕಾರಿಯಾದ ದಿನ ನೀಲವ್ವ ಓಣಿಗೆಲ್ಲ ಸಕ್ಕರೆ ಹಂಚಿದ್ದಳು. ಅಂದಿನಿಂದ ಅವಳಿಗೆ ಮಗಳನ್ನು 'ನೀ' ಎನ್ನಲು ಬಂದಿರಲಿಲ್ಲ.

ಶೈಲಜಾ ಅವಳ ಕೈ ಹಿಡಿದುಕೊಂಡಳು. "ಸಣ್ಣಾಕಿ ಇದ್ದಾಗ ಕರೀತಿದ್ದಿ ನೋಡು, ಹಂಗ ಒಮ್ಮೆ ಕರಿ, ನೀಲವ್ವ." 'ಅವ್ವಾ' ಎನ್ನಲು ಶೈಲಜಾಳ ಬಿಲ್ಲೆಯೂ ಬಿಡಲಿಲ್ಲ.

ಕತ್ತಿನ ನರ ಉಬ್ಬುವಂತೆ ನೀಲವ್ವ ಉಸಿರು ಬಿಗಿಹಿಡಿದು 'ಬಾ ನನ್ನ ಮಗಳ' ಎನ್ನಲು ಯತ್ನಿಸಿದಳು. "ಬರ್ರಿ," ಎಂದಿತು ಬಾಯಿ. "ಬರ್ರಿ ಮೇಡಂ, ಬರ್ರಿ."

"ಸಾಕು ಬಿಡು," ಎಂದು ಶೈಲಜಾ ಕೈ ಸಡಿಲಿಸಿದಳು.

ಅಷ್ಟರಲ್ಲಿ ನರ್ಸು ಬಾಗಿಲು ತೆರೆದಳು. "ಮನಿಯವರಷ್ಟ ಇರಬೇಕಿಲ್ಲಿ. ಮೇಡಂ ಅವರಿಗೆ ನೀ ಏನಾಗಬೇಕು?"

ನೀಲವ್ವ ಮಗಳತ್ತ ನೋಡಿದಳು. 'ಹಡೆದಾಕಿ' ಎನ್ನಲು ಬಾಯಿ ತೆರೆದಳು.

"ಏನೂ ಆಗಬೇಕಿಲ್ರಿ ಸಿಸ್ಟರ್," ಎಂದು ಹೇಳಿ ಅವಳು ಹೊರನಡೆದಳು.