ಮರಳು ಹೊಕ್ಕ ರೀಲು

ಆ ಬೆಳಿಗ್ಗೆ ಕಡಲ ಕಡೆಯಿಂದ ಗಾಳಿಯೇ ಇರಲಿಲ್ಲ. ಗುಲಾಬಕ್ಕ ದೇವರಿಗೆ ದೀಪವಿಟ್ಟು ಜಗಲಿಗೆ ಬಂದಾಗ ಬಾಬಣ್ಣ ಗಾಳದ ರೀಲು ಹಿಡಿದು ನಿಂತಿದ್ದ. ಊರವರ ರೀಲು ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟುಕೊಡುವುದು ಗಂಡ ಹೋದ ಮೇಲೂ ಅವಳು ಬಿಡದ ಕೆಲಸ.

"ಮತ್ತೆ ಮರಳು ಹೊಕ್ಕಿತಾ ಮಾರಾಯ್ರೆ?"

"ಕಡಲ ಬದಿ ಅಲ್ವಾ ಅಕ್ಕ. ಹೋದ ವಾರ ತೊಳೆಯುವಾಗ ಇಲ್ಲೇ ಬಿದ್ದ ಸ್ಕ್ರೂ ಸಿಕ್ತಾ?"

"ಇಲ್ಲ, ಹುಡುಕ್ತಾ ಇದ್ದೇನೆ. ನಾಳೆಯೂ ಒಮ್ಮೆ ಬಂದು ಹೋಗಿ."

ಅವಳು ರೀಲು ಬಿಚ್ಚಿ, ಮರಳನ್ನು ಬೆರಳಲ್ಲಿ ಉಜ್ಜಿ ನೋಡಿದಳು.

"ಉಪ್ಪಿನ ಅಂಟೇ ಇಲ್ಲ. ಇದು ನಿಮ್ಮ ಅಂಗಳದ ಮರಳು. ನೀವು ಕಡಲಿಗೆ ಹೋಗಲೇ ಇಲ್ಲ."

ಬಾಬಣ್ಣ ತಲೆ ತಗ್ಗಿಸಿದ. "ಮನೆಯಲ್ಲಿ ಚಾ ಆಯ್ತಾ ಅಂತ ಕೇಳುವವರಿಲ್ಲ, ಅಕ್ಕ."

ಗುಲಾಬಕ್ಕ ಸೆರಗಿನ ಗಂಟು ಬಿಚ್ಚಿ, ಹೋದ ವಾರದಿಂದ ಕಟ್ಟಿಟ್ಟುಕೊಂಡಿದ್ದ ಸ್ಕ್ರೂವನ್ನು ಅವನ ಕೈಗಿಟ್ಟಳು.